ಹ್ಯಾವ್‌ಲಾಕ್, ನೀಲ್ ಮತ್ತು ನಾವಿಬ್ಬರು

ಫೆಬ್ರವರಿಯಲ್ಲಿ ಅಂಡಮಾನಿಗೆ ಹೋದರೆ ಮೊದಲು ಗಲಿಬಿಲಿ ಮಾಡುವುದು ಸೂರ್ಯ. ಸಂಜೆ ಐದೂವರೆಗೆಲ್ಲ ಮುಳುಗಿಬಿಡುತ್ತಾನೆ. ಆರೂವರೆಗೆ ಗಾಢ ಕತ್ತಲೆ. ಬೆಳಗ್ಗೆ ನಾವಿನ್ನೂ ಹಾಸಿಗೆಯಲ್ಲಿ ಹೊರಳಾಡುವ ಹೊತ್ತಿಗೆ ಹೊರಗೆ ಬಿಸಿಲು ಬಿದ್ದಿರುತ್ತದೆ. ದೇಶಕ್ಕೆಲ್ಲ ಒಂದೇ ಗಡಿಯಾರ, ಅದನ್ನು ಹೊಂದಿಸಿರುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ. ಈ ದ್ವೀಪಗಳು ಇರುವುದು 93 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನಮ್ಮ ಗಡಿಯಾರಕ್ಕಿಂತ ಸುಮಾರು 40 ನಿಮಿಷ ಮುಂದೆ ಓಡುತ್ತಾನೆ.

ನಮ್ಮ ಯಜಮಾನರಿಗೆ ಈ ವಿಷಯ ಬಹಳ ತಲೆನೋವಾಯಿತು. ಯಾಕಂದ್ರೆ ಹೊರಡುವ ಮುಂಚೆ ಇವರು ಒಂದು ಪಟ್ಟಿ ಮಾಡಿದ್ದರು. ಟ್ರಾವೆಲ್ಸಿನವರು ಕೊಟ್ಟ "ಪಾಯಿಂಟು"ಗಳ ಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡಿ, ಗಂಟೆ ಲೆಕ್ಕದಲ್ಲಿ ಬರೆದಿದ್ದರು. ನನ್ನ ಬೇಡಿಕೆ ಒಂದೇ ಇತ್ತು. ಮಕ್ಕಳು, ನೆಂಟರು ಯಾರೂ ಇಲ್ಲದೆ ನಾವಿಬ್ಬರೇ ಹೋಗುತ್ತಿದ್ದೇವೆ. ಎಲ್ಲಿಗಾದರೂ ಹೋಗೋಣ, ಆದರೆ ಓಡೋದು ಬೇಡ. ಕೊನೆಗೆ ಒಪ್ಪಂದ ಆಯಿತು. ಪೋರ್ಟ್‌ಬ್ಲೇರ್‌ನಲ್ಲಿ ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ, ಉಳಿದದ್ದೆಲ್ಲ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ. ಪಟ್ಟಿ ಮಾತ್ರ ಇವರ ಅಂಗಿ ಜೇಬಿನಲ್ಲೇ ಉಳಿಯಿತು.

ಶುಕ್ರವಾರ

ಚೆನ್ನೈನಿಂದ ಸುಮಾರು 1,370 ಕಿಲೋಮೀಟರ್ ಬರೀ ನೀರಿನ ಮೇಲೆ ಹಾರಬೇಕು. ಇಳಿಯುವ ಹತ್ತು ನಿಮಿಷ ಮುಂಚೆ ಕಿಟಕಿಯಲ್ಲಿ ಹಸಿರು ತುಂಡುಗಳು ಕಾಣಿಸುತ್ತವೆ. ಒಂದೊಂದು ತುಂಡಿನ ಸುತ್ತಲೂ ತಿಳಿ ನೀಲಿಯ ಅಂಚು, ಅದರಾಚೆ ಒಮ್ಮೆಲೇ ಕಡುನೀಲಿ. ಆ ತಿಳಿ ಅಂಚು ಇರುವಲ್ಲಿ ನೀರು ಕಡಿಮೆ, ಕೆಳಗೆ ಮರಳು ಮತ್ತು ಹವಳ. ಕಿಟಕಿ ಸೀಟು ಬೇಕೇ ಬೇಕು ಅಂತ ಹಟ ಮಾಡಿದ್ದಕ್ಕೆ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಪೋರ್ಟ್‌ಬ್ಲೇರ್ ಈಗ ಪೋರ್ಟ್‌ಬ್ಲೇರ್ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ಶ್ರೀ ವಿಜಯ ಪುರಂ ಅಂತ ಹೆಸರಾಗಿದೆ. ಆಟೋದವನಿಗೆ ಹೊಸ ಹೆಸರು ಹೇಳಿದೆವು. ಅವನು ನಕ್ಕು ಹಳೇ ಹೆಸರಿನಲ್ಲೇ ಉತ್ತರ ಕೊಟ್ಟ.

ಮಧ್ಯಾಹ್ನ ಸೆಲ್ಯುಲರ್ ಜೈಲಿಗೆ ಹೋದೆವು. ಕಡಲ ತೀರದ ರಜೆಗೆ ಇದು ಹೊಂದುವುದಿಲ್ಲ ಅನ್ನಿಸಬಹುದು. ಆದರೆ ಅಲ್ಲಿಗೆ ಬಂದು ಇದನ್ನು ನೋಡದೆ ಹೋಗೋದು ಸರಿಯಲ್ಲ ಅಂತ ಇಬ್ಬರಿಗೂ ಅನ್ನಿಸಿತ್ತು. 1896ರಲ್ಲಿ ಕಟ್ಟಲು ಶುರುಮಾಡಿ 1906ರಲ್ಲಿ ಮುಗಿಸಿದ ಜೈಲು. ನಡುವೆ ಒಂದು ಗೋಪುರ, ಅದರಿಂದ ಏಳು ದಿಕ್ಕಿಗೆ ಏಳು ಸಾಲು ಕಟ್ಟಡ ಇತ್ತು. ಈಗ ಉಳಿದಿರುವುದು ಮೂರು. ಒಂದು ಸಾಲಿನ ಕೋಣೆಗಳ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗಿದೆ. ಹಾಗಾಗಿ ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣುವಂತಿರಲಿಲ್ಲ. ಚಿಲಕವನ್ನು ಬಾಗಿಲಿನಿಂದ ದೂರ, ಗೋಡೆಯ ಒಳಗೆ ಗೂಡು ಮಾಡಿ ಕೂರಿಸಿದ್ದಾರೆ. ಒಳಗಿನಿಂದ ಕೈ ಚಾಚಿದರೂ ಎಟುಕುವುದಿಲ್ಲ. ಇವರು ಸರಳಿನ ಸಂದಿಯಲ್ಲಿ ಕೈ ಹಾಕಿ ನೋಡಿದರು. ಎಟುಕಲಿಲ್ಲ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ನಾವು ಮರುದಿನ ಹೋಗಬೇಕಿದ್ದ ದ್ವೀಪಗಳ ಹೆಸರಿಗೂ ಈ ಜೈಲಿಗೂ ನಂಟಿದೆ. ಹ್ಯಾವ್‌ಲಾಕ್, ನೀಲ್, ಔಟ್ರಮ್, ನಿಕಲ್ಸನ್, ಲಾರೆನ್ಸ್ ಎಲ್ಲವೂ 1857ರ ದಂಗೆಯನ್ನು ಹತ್ತಿಕ್ಕಿದ ಬ್ರಿಟಿಷ್ ಅಧಿಕಾರಿಗಳ ಹೆಸರು. ಈ ಜೈಲು ಕಟ್ಟುವ ಮುಂಚೆಯೇ, 1858ರಿಂದ, ಆ ದಂಗೆಯಲ್ಲಿ ಸೆರೆ ಸಿಕ್ಕವರನ್ನು ಅಂಡಮಾನಿಗೆ ಸಾಗಿಸಿದ್ದರು. ಕೈದಿಗಳನ್ನು ಇಲ್ಲಿಗೆ ತಂದು, ಅವರನ್ನು ಹಿಡಿಸಿದವರ ಹೆಸರನ್ನು ಎದುರಿಗಿದ್ದ ದ್ವೀಪಗಳಿಗೆ ಇಟ್ಟರಲ್ಲ! 2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. 1943ರಲ್ಲಿ ಸುಭಾಷ್‌ಚಂದ್ರ ಬೋಸ್ ಇಲ್ಲಿಗೆ ಬಂದು ಬಾವುಟ ಹಾರಿಸಿದಾಗ ಸೂಚಿಸಿದ್ದ ಹೆಸರುಗಳು ಅವು. ಹಡಗಿನ ಟಿಕೆಟ್‌ನಲ್ಲಿ ಹೊಸ ಹೆಸರು ಇದೆ. ಬಾಯಲ್ಲಿ ಇನ್ನೂ ಹಳೆಯದೇ. ನಾನೂ ಹಳೆಯದನ್ನೇ ಬರೆಯುತ್ತಿದ್ದೇನೆ, ಸುಮ್ನೆ ಅಭ್ಯಾಸಬಲ.

ಶನಿವಾರ

ಬೆಳಗಿನ ಹಡಗು. ಹ್ಯಾವ್‌ಲಾಕ್‌ಗೆ ಸುಮಾರು 40 ಕಿಲೋಮೀಟರ್. ಖಾಸಗಿ ಹಡಗಿನಲ್ಲಿ ಒಂದೂವರೆ ಗಂಟೆ, ಸರ್ಕಾರಿ ಹಡಗಿನಲ್ಲಿ ಎರಡೂವರೆ ಗಂಟೆ ಹತ್ತಿರ. ಖಾಸಗಿಯದ್ದು ಪೂರ್ತಿ ಗಾಜು ಮುಚ್ಚಿದ ಎ.ಸಿ. ಹಡಗು, ಒಳಗೆ ಕೂತರೆ ಕಡಲು ಬರೀ ಚಿತ್ರ. ಸರ್ಕಾರಿಯದ್ದರಲ್ಲಿ ಡೆಕ್ ಮೇಲೆ ನಿಂತು ಗಾಳಿ ಕುಡಿಯಬಹುದು, ಆದರೆ ಟಿಕೆಟ್ ಸಿಗೋದು ಕಷ್ಟ. ನಮಗೆ ಸಿಕ್ಕಿದ್ದು ಎ.ಸಿ.ಯೇ.

ನಮ್ಮ ಹಿಂದಿನ ಸೀಟುಗಳಲ್ಲಿ ಕನ್ನಡ ಕೇಳಿಸಿತು. ಇಪ್ಪತ್ತೈದು ಜನರ ಒಂದು ಪ್ಯಾಕೇಜ್ ಗುಂಪು. ಅವರ ಮೇಳದ ಮುಂದಾಳು ಎದ್ದು ನಿಂತು ಅವತ್ತಿನ ಕಾರ್ಯಕ್ರಮ ಹೇಳುತ್ತಿದ್ದ. ಇಳಿದ ಕೂಡಲೇ ರೂಮು, ಅರ್ಧ ಗಂಟೆಯಲ್ಲಿ ಊಟ, ಆಮೇಲೆ ಕಾಲಾಪತ್ಥರ್ 20 ನಿಮಿಷ, ರಾಧಾನಗರ ಒಂದು ಗಂಟೆ, ಮರುದಿನ ಬೆಳಗ್ಗೆ ನೀಲ್. ನಾನು ಇವರ ಕಡೆ ನೋಡಿದೆ. ಇವರು ಕಿಟಕಿ ಕಡೆ ನೋಡಿದರು. ಆದರೆ ಕಿವಿ ಆ ಕಡೆಗೇ ಇತ್ತು ಅಂತ ಗೊತ್ತಾಯಿತು, ಯಾಕಂದ್ರೆ "ಅವರು ಎಲಿಫೆಂಟ್ ಬೀಚ್ ಬಿಟ್ಟಿದ್ದಾರೆ ನೋಡು" ಅಂದರು.

ಹ್ಯಾವ್‌ಲಾಕ್‌ನಲ್ಲಿ ಕಡಲತೀರಗಳಿಗೆ ನಂಬರು. ಜೆಟ್ಟಿ ಹತ್ತಿರದ್ದು ಒಂದು, ಗೋವಿಂದನಗರದ್ದು ಮೂರು, ವಿಜಯನಗರದ್ದು ಐದು, ರಾಧಾನಗರದ್ದು ಏಳು. ಊರಿನ ಹೆಸರುಗಳೂ ಹೀಗೇ: ಶ್ಯಾಮನಗರ, ಕೃಷ್ಣನಗರ. 1950ರ ದಶಕದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ಭೂಮಿ ಕೊಟ್ಟಿತು. ಕಾಡು ಕಡಿದು ಗದ್ದೆ ಮಾಡಿದವರು ಅವರು. ಇವತ್ತಿಗೂ ದ್ವೀಪದ ಮನೆಮಾತು ಬಂಗಾಳಿ. ಪೇಟೆಯಲ್ಲಿ ಎಲ್ಲರಿಗೂ ಹಿಂದಿ ಬರುತ್ತದೆ.

ನಾವು ಉಳಿದದ್ದು ವಿಜಯನಗರದ ಕಡೆ, ತೋಟದ ನಡುವಿನ ಒಂದು ಮರದ ಕಾಟೇಜಿನಲ್ಲಿ. ಸುತ್ತ ತೆಂಗು ಮತ್ತು ಅಡಿಕೆ. ಇಷ್ಟು ದೂರ ಬಂದು ಅಡಿಕೆ ಮರ ನೋಡಬೇಕಾ ಅಂತ ಇವರು ನಕ್ಕರು. ನಕ್ಕರೂ, ತೋಟದ ಯಜಮಾನರ ಹತ್ತಿರ ಇಳುವರಿ, ಕೊಳೆರೋಗ, ಕೊಯ್ಲಿನ ಕೂಲಿ ಎಲ್ಲ ವಿಚಾರಿಸಿಯೇ ಬಿಟ್ಟರು.

ಮಧ್ಯಾಹ್ನ ಮೂರಕ್ಕೆ ಕಡಲು ನೋಡಲು ಹೋದರೆ ಕಡಲೇ ಇಲ್ಲ. ನೀರು ಎಲ್ಲೋ ದೂರ ಸರಿದಿದೆ. ದೋಣಿಗಳು ಮರಳಿನ ಮೇಲೆ ಒಂದು ಕಡೆ ವಾಲಿ ಮಲಗಿವೆ. ನಡುವೆ ಕಪ್ಪು ಬಂಡೆ, ಸತ್ತ ಹವಳದ ಚೂರು, ಅಲ್ಲಲ್ಲಿ ಮೊಣಕಾಲಷ್ಟು ನೀರು. ಅಮಾವಾಸ್ಯೆ ಹತ್ತಿರ ಇತ್ತು. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಗೆ ಬರುವುದರಿಂದ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಆ ದಿನಗಳಲ್ಲಿ ಇಲ್ಲಿ ಬೆಳಗ್ಗೆ ಒಂಬತ್ತರ ಸುಮಾರಿಗೆ ನೀರು ಮರಗಳ ಬುಡದವರೆಗೂ ಬರುತ್ತದೆ, ಮೂರು ಗಂಟೆಗೆ ಪೂರ್ತಿ ಹಿಂದೆ ಹೋಗುತ್ತದೆ. ಮರುದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡ. ಹೀಗೆ ದಿನ ದಿನ ಮುಂದೆ ಸರಿಯುತ್ತ ಹೋಗುತ್ತದೆ. ಸ್ನಾನಕ್ಕೆ ಯಾವಾಗ ಇಳಿಯಬೇಕು ಅಂತ ಕಾಟೇಜಿನ ಹುಡುಗನನ್ನು ಕೇಳಿದರೆ ಅವನು ಗಡಿಯಾರ ನೋಡುವುದಿಲ್ಲ, ಗೋಡೆಯ ಮೇಲೆ ಅಂಟಿಸಿದ ಉಬ್ಬರ ಇಳಿತದ ಹಾಳೆ ನೋಡುತ್ತಾನೆ.

ಇವರು ಆ ಹಾಳೆಯ ಫೋಟೋ ತೆಗೆದುಕೊಂಡರು. ತಮ್ಮ ಪಟ್ಟಿಯ ಪಕ್ಕ ಇಟ್ಟು ಹೋಲಿಸಿ ನೋಡಿದರು. ಒಂದೂ ತಾಳೆಯಾಗಲಿಲ್ಲ.

ಭಾನುವಾರ

ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ರಾಧಾನಗರಕ್ಕೆ ಹೊರಟೆವು. ಜೆಟ್ಟಿಯಿಂದ ಸುಮಾರು 12 ಕಿಲೋಮೀಟರ್. ಗದ್ದೆ, ಬಾಳೆ, ಅಡಿಕೆ ದಾಟಿದ ಮೇಲೆ ದಟ್ಟ ಕಾಡು. ಸ್ಕೂಟರಿನ ಹಿಂದೆ ಕೂತು ಹೋಗಿ ಎಷ್ಟೋ ವರ್ಷ ಆಗಿತ್ತು. "ನಿಧಾನ ಹೋಗ್ರೀ" ಅಂತ ನಾನು, "ನಲವತ್ತರಲ್ಲೇ ಇದ್ದೀನಿ ಕಣೇ" ಅಂತ ಇವರು. ದಾರಿಯುದ್ದಕ್ಕೂ ಇದೇ ಸಂಭಾಷಣೆ.

ರಾಧಾನಗರವನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರ ಅಂತ ಕರೆದಿತ್ತು. ಆ ಬಿರುದನ್ನು ಇಂದಿಗೂ ಎಲ್ಲ ಬೋರ್ಡಿನ ಮೇಲೂ ಹೊತ್ತು ತಿರುಗಿಸುತ್ತಾರೆ. 2020ರಲ್ಲಿ, ಶುಚಿಯಾದ ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯೂ ಸಿಕ್ಕಿತು. ಅದೇ ಸಲ ನಮ್ಮ ಕಾಸರಕೋಡು ಮತ್ತು ಪಡುಬಿದ್ರಿಗೂ ಸಿಕ್ಕಿತ್ತು. ಇದನ್ನು ಪಕ್ಕದ ಕಲ್ಲುಬೆಂಚಿನಲ್ಲಿ ಕೂತಿದ್ದ ಪುಣೆಯ ದಂಪತಿಗೆ ಇವರು ಹೆಮ್ಮೆಯಿಂದ ಹೇಳಿದರು. ಅವರು ಪಡುಬಿದ್ರಿ ಎಲ್ಲಿದೆ ಅಂತ ಕೇಳಿ ಫೋನಿನಲ್ಲಿ ಗುರುತು ಹಾಕಿಕೊಂಡರು. ಪ್ರವಾಸೋದ್ಯಮ ಇಲಾಖೆಗೆ ಇವರು ಮಾಡಿದ ಉಪಕಾರ.

ಬಿರುದಿನ ಮಾತು ಬಿಡಿ. ಈ ತೀರದ ನಿಜವಾದ ಸೊಗಸು ಅದರ ಬೆನ್ನಿಗಿರುವ ಕಾಡು. ಸಾಮಾನ್ಯವಾಗಿ ಹೆಸರಾದ ತೀರಗಳ ಹಿಂದೆ ಹೋಟೆಲ್ಲು, ಅಂಗಡಿ, ದೀಪ. ಇಲ್ಲಿ ಮರಳು ಮುಗಿದ ಕೂಡಲೇ ಎತ್ತರದ ಕಡಲ ಹಿಪ್ಪೆ ಮರಗಳು. ಅವುಗಳ ನೆರಳು ಮಧ್ಯಾಹ್ನ ಮರಳಿನ ಅರ್ಧಕ್ಕೆ ಬರುತ್ತದೆ. ಮರಳು ಬಿಳಿ, ನುಣುಪು, ಒದ್ದೆಯಾದ ಕಡೆ ಗಟ್ಟಿ. ಬರಿಗಾಲಲ್ಲಿ ಎಷ್ಟು ದೂರ ನಡೆದರೂ ಸುಸ್ತಾಗುವುದಿಲ್ಲ. ಎಲ್ಲರೂ ಬಾಗಿಲ ಹತ್ತಿರವೇ ಸೇರಿಕೊಳ್ಳುವುದರಿಂದ ಹತ್ತು ನಿಮಿಷ ನಡೆದರೆ ಸಾಕು, ನೀವಿಬ್ಬರೇ.

ನೀರಿಗೆ ಇಳಿಯಲು ಒಂದು ಜಾಗ ಗುರುತು ಮಾಡಿ ಬಲೆ ಹಾಕಿದ್ದಾರೆ. ಮೊಸಳೆಯ ಎಚ್ಚರಿಕೆಯ ಬೋರ್ಡೂ ಇದೆ. ಉಪ್ಪುನೀರಿನ ಮೊಸಳೆಗಳು ಅಂಡಮಾನಿನ ತೊರೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ಇವೆ. 2010ರಲ್ಲಿ ಇದೇ ತೀರದ ತುದಿಯಲ್ಲಿ ಒಬ್ಬ ಪ್ರವಾಸಿ ಮೊಸಳೆಗೆ ಬಲಿಯಾಗಿದ್ದರು. ಹೆದರಿಸಲು ಹೇಳುತ್ತಿಲ್ಲ. ಬಲೆಯ ಒಳಗೇ ಇರಿ, ತೊರೆ ಸೇರುವ ಜಾಗಕ್ಕೆ ಹೋಗಬೇಡಿ, ಅಷ್ಟೇ. ನನಗಂತೂ ಈಜು ಬರುವುದಿಲ್ಲ. ಸೊಂಟದ ನೀರಿನಲ್ಲಿ ಕೂತು ಅಲೆಗೆ ಬೆನ್ನು ಕೊಡುವುದೇ ನನ್ನ ಈಜು. ಒಂದು ಗಂಟೆಗೂ ಜಾಸ್ತಿ ಹಾಗೇ ಕೂತಿದ್ದೆ.

ನಾಲ್ಕೂವರೆ ಹೊತ್ತಿಗೆ ಜನ ತುಂಬಿದರು. ಹಡಗಿನಲ್ಲಿ ಸಿಕ್ಕಿದ್ದಂಥದ್ದೇ ಇನ್ನೊಂದು ಗುಂಪು ಬಂತು, ಸಾಲಾಗಿ ನಿಂತು ಅಂಗೈ ಮೇಲೆ ಸೂರ್ಯನನ್ನು ಇಟ್ಟುಕೊಂಡ ಫೋಟೋ ತೆಗೆಸಿಕೊಂಡು, ಸೂರ್ಯ ಮುಳುಗುವ ಮುಂಚೆಯೇ ಬಸ್ಸಿಗೆ ಓಡಿತು. ಕತ್ತಲಾದರೆ ರಸ್ತೆಗೆ ಗಾಡಿಗಳೆಲ್ಲ ಒಟ್ಟಿಗೆ ಬೀಳುತ್ತವೆ ಅಂತ ಅವಸರ. ನಾವು ಕೂತೇ ಇದ್ದೆವು. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷವೇ ಅಲ್ಲಿನ ಒಳ್ಳೆಯ ಹೊತ್ತು. ಒದ್ದೆ ಮರಳಿನ ಮೇಲೆಲ್ಲ ಆಕಾಶದ ಕೆಂಪು ಬೀಳುತ್ತದೆ, ಜನರೂ ಕಡಿಮೆ. ಆಮೇಲೆ ಲೈಫ್‌ಗಾರ್ಡ್ ಸೀಟಿ ಹೊಡೆದು ನಮ್ಮನ್ನೂ ಎಬ್ಬಿಸಿದ.

ಅವತ್ತೇ ಅಮಾವಾಸ್ಯೆ. ರಾತ್ರಿ ಕಾಯಕ್ ದೋಣಿಯಲ್ಲಿ ಕಾಂಡ್ಲಾ ಕಾಡಿನ ನಡುವೆ ಕರೆದುಕೊಂಡು ಹೋಗುತ್ತಾರೆ ಅಂತ ಕಾಟೇಜಿನಲ್ಲಿ ಹೇಳಿದ್ದರು. ಇದು ಇವರ ಪಟ್ಟಿಯಲ್ಲಿ ಇರಲಿಲ್ಲ. ನಾನೇ ಎಳೆದುಕೊಂಡು ಹೋದೆ.

ಇಬ್ಬರು ಕೂರುವ ಸಣ್ಣ ದೋಣಿ. ಲೈಫ್ ಜಾಕೆಟ್ ಕಟ್ಟಿ, ಹುಟ್ಟು ಕೈಗೆ ಕೊಟ್ಟು, ಮುಂದಿನ ದೋಣಿಯಲ್ಲಿ ಮಾರ್ಗದರ್ಶಿ ಹೊರಟ. ಟಾರ್ಚು ಆರಿಸಿ ಅಂದ. ಮೊದಲ ಐದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಹುಟ್ಟು ಹಾಕಿದ ಕಡೆ ನೀರಿನಲ್ಲಿ ನೀಲಿ ಬೆಳಕಿನ ಕಿಡಿ ಎದ್ದಿತು. ಹುಟ್ಟು ಎತ್ತಿದರೆ ತೊಟ್ಟಿಕ್ಕುವ ಹನಿಯೂ ಬೆಳಕು. ಕೈ ಅದ್ದಿದೆ, ಬೆರಳ ಸುತ್ತ ಮಿಣುಕು ಹರಿದು ಹೋಯಿತು. ಕೆಳಗೆ ಒಂದು ಮೀನು ಸರ್ರನೆ ಓಡಿತು, ಅದು ಹೋದ ದಾರಿಯಷ್ಟೂ ಗೆರೆಯಾಗಿ ಕಾಣಿಸಿತು. ನೀರಿನಲ್ಲಿರುವ ಒಂದೇ ಜೀವಕೋಶದ ಸೂಕ್ಷ್ಮಜೀವಿಗಳ ಕೆಲಸ ಇದು. ನೀರು ಅಲುಗಿದಾಗ ಅವುಗಳ ಮೈಯಲ್ಲಿ ರಾಸಾಯನಿಕ ಕ್ರಿಯೆ ನಡೆದು ಕ್ಷಣಕಾಲ ಬೆಳಕು ಹೊಮ್ಮುತ್ತದೆ. ಬೆಳದಿಂಗಳಿದ್ದರೆ ಕಣ್ಣಿಗೆ ಬೀಳುವುದು ಕಷ್ಟ. ಹೋಗುವವರು ಅಮಾವಾಸ್ಯೆಯ ಆಸುಪಾಸು ನೋಡಿಕೊಂಡು ಹೋಗಿ. ಫೋಟೋ ಬರುವುದಿಲ್ಲ, ಫೋನು ರೂಮಿನಲ್ಲೇ ಬಿಡಿ.

ಇವರು ವಾಪಸು ಬರುವಾಗ ಹುಟ್ಟು ಹಾಕುವುದನ್ನೇ ಮರೆತು ಎರಡೂ ಕೈ ನೀರಿನಲ್ಲಿ ಆಡಿಸುತ್ತ ಕೂತಿದ್ದರು. ದಡದವರೆಗೂ ದೋಣಿ ಎಳೆದವಳು ನಾನು.

ಸೋಮವಾರ

ಏನೂ ಮಾಡದ ದಿನ. ಇದನ್ನು ಮೊದಲೇ ನಿಗದಿ ಮಾಡಿದ್ದೆ, ಇವರು ಒಪ್ಪಿರಲಿಲ್ಲ. ಹಿಂದಿನ ರಾತ್ರಿ ಕೈ ನೋವು ಬಂದ ಕಾರಣ ತಾನಾಗಿಯೇ ಒಪ್ಪಿಕೊಂಡರು.

ವಿಜಯನಗರದ ತೀರ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ಐದೂವರೆ ಕಳೆಯುತ್ತಲೇ ಸೂರ್ಯ ನೇರ ಜಗಲಿಗೆ ಬರುತ್ತಾನೆ. ಚಹಾ ಹಿಡಿದು ಮರಳಿಗೆ ಬಂದು ಕೂತೆವು. ಒಂದು ದೊಡ್ಡ ಮರ ಕಡಲ ಕಡೆಗೆ ಪೂರಾ ಬಾಗಿ, ಕೊಂಬೆ ನೀರಿಗೆ ತಾಗುವಷ್ಟು ಮಲಗಿದೆ. ಅದರ ಮೇಲೆ ಒರಗಿಕೊಂಡರೆ ಎದ್ದೇಳಲು ಮನಸ್ಸಾಗುವುದಿಲ್ಲ.

ಕಾಲ ಬುಡದಲ್ಲಿ ಸನ್ಯಾಸಿ ಏಡಿಗಳು. ಇವಕ್ಕೆ ಸ್ವಂತ ಚಿಪ್ಪಿಲ್ಲ. ಸತ್ತ ಶಂಖದ ಚಿಪ್ಪು ಹುಡುಕಿ ಅದರೊಳಗೆ ಮೈ ತೂರಿಸಿಕೊಂಡು ಓಡಾಡುತ್ತವೆ. ದೊಡ್ಡದಾದಂತೆ ಮನೆ ಬದಲಿಸಬೇಕು. ಪ್ರವಾಸಿಗಳು ಚೆಂದದ ಚಿಪ್ಪೆಲ್ಲ ಹೆಕ್ಕಿಕೊಂಡು ಹೋದರೆ ಇವುಗಳ ಗತಿ ಏನು ಅಲ್ವಾ? ಬಾಟಲಿ ಮುಚ್ಚಳದೊಳಗೆ ಸೇರಿಕೊಂಡಿದ್ದ ಒಂದನ್ನು ನೋಡಿದೆವು. ಇವರಿಗೆ ಅದರ ಮೇಲೆ ಕನಿಕರ ಬಂದು, ಖಾಲಿ ಶಂಖ ಹುಡುಕಲು ತೀರದುದ್ದಕ್ಕೂ ನಡೆದರು. ಮೂರು ನಾಲ್ಕು ತಂದು ಅದರ ಮುಂದೆ ಸಾಲಾಗಿ ಇಟ್ಟರು. ಏಡಿ ಒಂದೊಂದನ್ನೂ ಮುಟ್ಟಿ, ಒಳಗೆ ಕಾಲಿಟ್ಟು, ಅಳೆದು ಸುರಿದು ನೋಡಿತು. ಸೀರೆ ಅಂಗಡಿಯಲ್ಲಿ ನಾನು ಕೂತ ಹಾಗೆ ಇದೆ ಅಂದರು. ಕೊನೆಗೆ ಎಲ್ಲ ಬಿಟ್ಟು ಮುಚ್ಚಳದಲ್ಲೇ ಹೊರಟು ಹೋಯಿತು.

ಮಧ್ಯಾಹ್ನ ರಸ್ತೆ ಬದಿಯ ಬಂಗಾಳಿ ಊಟದ ಮನೆ. ಅನ್ನ, ಬೇಳೆ, ಆಲೂ ಪಲ್ಯ, ಸಾಸಿವೆ ಹಚ್ಚಿ ಮಾಡಿದ ಮೀನು. ಬಡಿಸುವ ಅಜ್ಜಿ "ಇನ್ನೊಂದು ಸ್ವಲ್ಪ" ಅಂತ ಹಾಕುತ್ತಲೇ ಇದ್ದರು. ದೊಡ್ಡ ರೆಸಾರ್ಟಿನ ಊಟಕ್ಕಿಂತ ನಮಗೆ ಇದೇ ಹಿಡಿಸಿತು. ಮುಂದಿನ ದಿನಗಳಲ್ಲಿ ಅಲ್ಲಿಗೇ ಹೋದೆವು.

ಫೋನು ಮಾತ್ರ ಬಿಡಲಿಲ್ಲ. 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಮುದ್ರದಡಿಯಲ್ಲಿ ಸುಮಾರು 2,300 ಕಿಲೋಮೀಟರ್ ಕೇಬಲ್ ಎಳೆದ ಮೇಲೆ ಇಲ್ಲಿ ಇಂಟರ್‌ನೆಟ್ ಸುಧಾರಿಸಿದೆ. ಹ್ಯಾವ್‌ಲಾಕ್‌ಗೂ ಆ ಕೇಬಲ್ ಬಂದಿದೆ. ಮುಂಚೆ ಹೋದವರು "ನೆಟ್‌ವರ್ಕೇ ಇಲ್ಲ, ಎಷ್ಟು ಹಾಯಾಗಿತ್ತು" ಅನ್ನುತ್ತಿದ್ದರು. ನಮಗೆ ಮಗಳು ಮಧ್ಯಾಹ್ನದ ನಿದ್ದೆಯ ಹೊತ್ತಿಗೇ ವಿಡಿಯೋ ಕಾಲ್ ಮಾಡಿ ಗ್ಯಾಸ್ ಬುಕ್ ಮಾಡೋದು ಹೇಗೆ ಅಂತ ಕೇಳಿದಳು.

ಸಂಜೆ ಕಾಲಾಪತ್ಥರ್ ಕಡೆ ಒಂದು ಸುತ್ತು ಹೋಗಿ ಬಂದೆವು. ರಸ್ತೆ ಕಡಲ ಪಕ್ಕದಲ್ಲೇ ಸಾಗುತ್ತದೆ. ಕಪ್ಪು ಬಂಡೆ, ಹಸಿರು ನೀರು. ಚೆನ್ನಾಗಿದೆ. ಎಳನೀರು ಕುಡಿದು ಬಂದೆವು, ಅಷ್ಟೇ.

ಮಂಗಳವಾರ

ಎಲಿಫೆಂಟ್ ಬೀಚ್ ಇವರ ಪಟ್ಟಿಯ ದೊಡ್ಡ ಅಕ್ಷರದ ಪಾಯಿಂಟು. ಜೆಟ್ಟಿಯಿಂದ ದೋಣಿಯಲ್ಲಿ ಹೋದೆವು. ಕಾಡಿನೊಳಗೆ ನಡೆದುಕೊಂಡೂ ಹೋಗಬಹುದು.

ಆನೆಯ ಹೆಸರು ಸುಮ್ನೆ ಬಂದದ್ದಲ್ಲ. ಅಂಡಮಾನಿನಲ್ಲಿ ಆನೆ ಮೂಲದಲ್ಲಿ ಇರಲಿಲ್ಲ. ಮರ ಎಳೆಯಲು ಮುಖ್ಯಭೂಮಿಯಿಂದ ಹಡಗಿನಲ್ಲಿ ತಂದರು. ಒಂದು ದ್ವೀಪದಿಂದ ಇನ್ನೊಂದಕ್ಕೆ ಅವು ಈಜಿಕೊಂಡು ಹೋಗುತ್ತಿದ್ದವು. ಮರ ಕಡಿಯುವ ಕೆಲಸಕ್ಕೆ ತಡೆ ಬಿದ್ದ ಮೇಲೆ ರಾಜನ್ ಅನ್ನುವ ಆನೆ ಹ್ಯಾವ್‌ಲಾಕ್‌ನಲ್ಲೇ ಉಳಿಯಿತು. ಸಮುದ್ರದಲ್ಲಿ ಈಜುವ ಅದರ ಚಿತ್ರಗಳು ಜಗತ್ತೆಲ್ಲ ಸುತ್ತಿದವು. 2016ರಲ್ಲಿ ವಯಸ್ಸಾಗಿ ತೀರಿಕೊಂಡಿತು. ಈಗ ಬೀಚಿನಲ್ಲಿ ಆನೆ ಇಲ್ಲ. ಜೆಟ್ ಸ್ಕೀ ಇವೆ, ಬಾಳೆಹಣ್ಣಿನ ಆಕಾರದ ರಬ್ಬರ್ ದೋಣಿ ಇದೆ, ಗಲಾಟೆ ಇದೆ. ದಡದಲ್ಲಿ ಬಿಳಿಚಿಕೊಂಡ ದೊಡ್ಡ ದೊಡ್ಡ ಮರಗಳು ಬಿದ್ದಿವೆ. 2004ರ ಸುನಾಮಿಗೆ ಸತ್ತವು ಅಂತ ದೋಣಿಯವ ಹೇಳಿದ.

ಗಲಾಟೆಯನ್ನು ಮರೆಸುವುದು ನೀರೊಳಗಿನ ಲೋಕ. ಮುಖಕ್ಕೆ ಮಾಸ್ಕ್, ಬಾಯಿಗೆ ಕೊಳವೆ, ಮೈಗೆ ಜಾಕೆಟ್. ಈಜು ಬಾರದವರಿಗೆ ರಬ್ಬರ್ ಬಳೆ ಕೊಟ್ಟು ಒಬ್ಬ ಹುಡುಗ ಎಳೆದುಕೊಂಡು ಹೋಗುತ್ತಾನೆ. ಮೂಗಿನಲ್ಲಿ ಉಸಿರಾಡಬಾರದು ಅನ್ನುವುದಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಒಗ್ಗಿದ ಮೇಲೆ ತಲೆ ಎತ್ತಲು ಮನಸ್ಸಾಗಲಿಲ್ಲ.

ಜಾಹೀರಾತಿನ ಬಣ್ಣ ನಿರೀಕ್ಷಿಸಿ ಹೋದರೆ ಬೇಸರ ಆಗಬಹುದು. ಆರೋಗ್ಯವಾಗಿರುವ ಹವಳ ಹೆಚ್ಚಾಗಿ ಕಂದು, ಹಳದಿ ಮಿಶ್ರಿತ ಹಸಿರು. ಅದರೊಳಗೆ ವಾಸಿಸುವ ಪಾಚಿಯ ಬಣ್ಣ ಅದು. ನೀರು ಜಾಸ್ತಿ ಬಿಸಿಯಾದರೆ ಆ ಪಾಚಿಯನ್ನು ಹವಳ ಹೊರಹಾಕುತ್ತದೆ, ಬೆಳ್ಳಗಾಗುತ್ತದೆ, ಹಾಗೇ ಮುಂದುವರಿದರೆ ಸಾಯುತ್ತದೆ. 2010ರ ಬೇಸಿಗೆಯಲ್ಲಿ ಅಂಡಮಾನಿನ ಹವಳಗಳಿಗೆ ಹೀಗೇ ಆಗಿ ಬಹಳ ಹಾನಿಯಾಯಿತು. ನಾವು ನೋಡಿದ ಕಡೆಯೂ ಸತ್ತ ಹವಳದ ರಾಶಿ ಬಹಳ ಇತ್ತು. ನಡುನಡುವೆ ಜೀವ ಇರುವ ಗಡ್ಡೆಗಳು, ಅವುಗಳ ಸುತ್ತ ಮೀನು. ಬಣ್ಣ ಬೇಕಿದ್ದರೆ ಮೀನಿನಲ್ಲಿ ನೋಡಬೇಕು. ಹಳದಿ ಪಟ್ಟಿಯವು, ಕಪ್ಪು ಬಿಳಿ ಗೀರಿನವು, ಕಡಲ ಹೂವಿನ ಎಳೆಗಳ ಒಳಗೆ ಅಡಗಿ ಇಣುಕುವ ಕಿತ್ತಳೆ ಬಣ್ಣದವು.

ಹಸಿರು ನೀಲಿ ಗಿಳಿಮೀನು ಹವಳವನ್ನು ಕಟಕಟ ಕಡಿಯುವ ಸದ್ದು ನೀರೊಳಗೆ ಸ್ಪಷ್ಟವಾಗಿ ಕೇಳಿಸಿತು. ಅದು ಹವಳದ ಮೇಲಿನ ಪಾಚಿ ತಿನ್ನಲು ಕಲ್ಲನ್ನೂ ಸೇರಿಸಿ ಅಗಿಯುತ್ತದೆ. ಜೀರ್ಣವಾಗದ ಕಲ್ಲು ಪುಡಿಯಾಗಿ ಹಿಂದಿನಿಂದ ಮರಳಾಗಿ ಬೀಳುತ್ತದೆ. ದೊಡ್ಡ ಗಿಳಿಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಒಂದು ಪಾಲು ಹೀಗೇ ಬಂದದ್ದು. ದಡಕ್ಕೆ ಬಂದ ಮೇಲೆ ಇದನ್ನು ಇವರಿಗೆ ಹೇಳಿದೆ. ಆಗ ಇವರು ಮರಳಿನ ಮೇಲೆ ಬೋರಲಾಗಿ ಮಲಗಿ ಗಲ್ಲ ಊರಿದ್ದರು. "ಈಗಲೇ ಹೇಳಬೇಕಿತ್ತಾ?" ಅಂತ ಎದ್ದು ಕೂತರು.

ಬುಧವಾರ

ಹ್ಯಾವ್‌ಲಾಕ್‌ನಿಂದ ನೀಲ್‌ಗೆ ಹಡಗಿನಲ್ಲಿ ಒಂದು ಗಂಟೆ. ಜೆಟ್ಟಿಯಲ್ಲಿ ಇಳಿದರೆ ಕಾಲಡಿಯ ನೀರಿನಲ್ಲಿ ಮೀನು ಎಣಿಸಬಹುದು. ಹ್ಯಾವ್‌ಲಾಕ್ ಶಾಂತ ಅಂದುಕೊಂಡಿದ್ದೆವು. ನೀಲ್ ಮುಂದೆ ಅದು ಪೇಟೆ.

ಇಲ್ಲಿನ ಊರುಗಳು ರಾಮಾಯಣದವು: ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಚಪ್ಪಟೆ ನೆಲ, ಒಂದು ತುದಿಯಿಂದ ಇನ್ನೊಂದಕ್ಕೆ ಸೈಕಲ್ ಸಾಕು. ಅಂಡಮಾನಿಗೆ ತರಕಾರಿ ಕಳಿಸುವ ದ್ವೀಪ ಇದು. ಬದನೆ, ಹಾಗಲ, ಹಲಸಂದೆ, ಸೋರೆ, ಬಾಳೆ. ಕಡಲತೀರಕ್ಕೆ ಹೋಗುವ ದಾರಿ ಅಂದರೆ ಯಾರದೋ ತರಕಾರಿ ಹೊಲದ ಬದು.

ಸಂಜೆ ಲಕ್ಷ್ಮಣಪುರದ ತೀರಕ್ಕೆ ಹೋದೆವು. ಹವಳದ ಚೂರುಗಳೇ ತುಂಬಿದ ಬಿಳಿ ದಡ. ನಡೆದರೆ ಕಿಣಿಕಿಣಿ ಸದ್ದು. ಚಪ್ಪಲಿ ಇಲ್ಲದೆ ಹೋಗಬೇಡಿ. ಸೂರ್ಯಾಸ್ತಕ್ಕೆ ಬಂದವರು ಹೆಚ್ಚೆಂದರೆ ಇಪ್ಪತ್ತು ಜನ. ಯಾರೂ ಅಂಗೈ ಮೇಲೆ ಸೂರ್ಯನನ್ನು ಇಟ್ಟುಕೊಳ್ಳಲಿಲ್ಲ. ಇವರು ಪಟ್ಟಿ ಎಲ್ಲಿಟ್ಟಿದ್ದಾರೆ ಅಂತ ಕೇಳಿದೆ. ಅಂಗಿಯ ಜೊತೆ ಒಗೆಯಲು ಹೋಗಿದೆ ಅಂದರು.

ಗುರುವಾರ

ಹಾಳೆ ನೋಡಿ ಎದ್ದ ದಿನ. ನೀಲ್‌ನ ಕಲ್ಲಿನ ಸೇತುವೆಗೆ ಇಳಿತದ ಹೊತ್ತಿನಲ್ಲಷ್ಟೇ ಹೋಗಲು ಸಾಧ್ಯ. ಶನಿವಾರ ಮಧ್ಯಾಹ್ನ ಮೂರಕ್ಕಿದ್ದ ಇಳಿತ ಸರಿಯುತ್ತ ಸರಿಯುತ್ತ ಈಗ ಬೆಳಗ್ಗೆ ಆರೂವರೆ ದಾಟಿದ ಮೇಲೆ, ಸಂಜೆ ಏಳರ ಸುಮಾರಿಗೆ ಬಂದಿತ್ತು. ಸಂಜೆ ಏಳಕ್ಕೆ ಕತ್ತಲೆ. ಬೆಳಗ್ಗೆಯೇ ಗತಿ. ಆರಕ್ಕೆ ಸೈಕಲ್ ಹತ್ತಿದೆವು.

ಅಲೆಗಳು ಕೊರೆದು ಕೊರೆದು ನಡುವೆ ಕಮಾನು ಉಳಿಸಿದ ಬಂಡೆ ಅದು. ಇಲ್ಲಿನ ಬಂಗಾಳಿಗಳು ಅದಕ್ಕೆ ಹೌರಾ ಬ್ರಿಡ್ಜ್ ಅಂತ ಹೆಸರಿಟ್ಟಿದ್ದಾರೆ. ಬಂಗಾಳ ಬಿಟ್ಟು ಬಂದರೂ ಸೇತುವೆ ಬಿಡಲಿಲ್ಲ. ಕಮಾನಿಗಿಂತ ನನಗೆ ಮೆಚ್ಚಿಗೆಯಾದದ್ದು ಅದರ ಮುಂದಿನ ಬಂಡೆ ಹಾಸು. ಇಳಿತದಲ್ಲಿ ಅಲ್ಲಲ್ಲಿ ನೀರು ನಿಂತು ಪುಟ್ಟ ಹೊಂಡಗಳಾಗಿವೆ. ಒಂದೊಂದರಲ್ಲೂ ಒಂದು ಸಂಸಾರ. ತೆಳು ಕೈಗಳನ್ನು ಕಲ್ಲಿನ ಸಂದಿಯಿಂದ ಚಾಚುವ ನಕ್ಷತ್ರಮೀನು, ಕಪ್ಪಗೆ ಉದ್ದಕ್ಕೆ ಮಲಗಿದ ಸಮುದ್ರ ಸೌತೆ, ನೀಲಿ ತುಟಿ ತೆರೆದು ಕೂತ ದೊಡ್ಡ ಚಿಪ್ಪು, ನೆರಳು ಬಿದ್ದ ಕೂಡಲೇ ಮುಚ್ಚಿಕೊಳ್ಳುತ್ತದೆ.

ಎಂಟರ ಹೊತ್ತಿಗೆ ಗುಂಪುಗಳು ಬಂದವು. ಒಬ್ಬ ಗೈಡ್ ಸಮುದ್ರ ಸೌತೆಯನ್ನು ಎತ್ತಿ ಒಬ್ಬೊಬ್ಬರ ಕೈಗೂ ಕೊಟ್ಟು ಫೋಟೋ ತೆಗೆಸುತ್ತಿದ್ದ. ಹೀಗೆ ಹಿಂಸೆಯಾದರೆ ಕೆಲವು ಸಮುದ್ರ ಸೌತೆಗಳು ತಮ್ಮ ಕರುಳನ್ನೇ ಹೊರಹಾಕುತ್ತವೆ. ಇವರು ಹತ್ತಿರ ಹೋಗಿ, ತಮ್ಮ ಹರಕು ಹಿಂದಿಯಲ್ಲಿ, "ಭಾಯ್, ನೀರಿನಲ್ಲೇ ತೋರಿಸಪ್ಪ" ಅಂದರು. ಅವನು ಮುಖ ಸಿಂಡರಿಸಿಕೊಂಡು ವಾಪಸು ಇಟ್ಟ. ನಾವು ಆ ಕಡೆ ಹೋದ ಮೇಲೆ ಮತ್ತೆ ಎತ್ತಿದನೇನೋ.

ಉಳಿದ ದಿನ ಭರತಪುರದ ನೆರಳಲ್ಲಿ. ಉಬ್ಬರ ಮಧ್ಯಾಹ್ನ ಒಂದರ ಸುಮಾರಿಗೆ ಏರಿತು. ನೀರು ಬಿಸಿ, ಅಲೆಯೇ ಇಲ್ಲ. ನಾನು ಜಾಕೆಟ್ ಹಾಕಿ ಮಲಗಿ ತೇಲುವುದನ್ನು ಕಲಿತೆ. ಇವರು ನನ್ನ ಕಾಲು ಹಿಡಿದು ದಡಕ್ಕೆ ಸಮಾನಾಂತರವಾಗಿ ಎಳೆದುಕೊಂಡು ಓಡಾಡಿದರು. ನೋಡಿದವರು ಏನಂದುಕೊಂಡರೋ, ಕೇಳುವವರು ಯಾರೂ ಗುರುತಿನವರಲ್ಲ.

ಶುಕ್ರವಾರ, ಶನಿವಾರ

ಶುಕ್ರವಾರ ಮಧ್ಯಾಹ್ನದ ಹಡಗು ಹಿಡಿದು ಶ್ರೀ ವಿಜಯ ಪುರಂಗೆ ಬಂದೆವು. ಕಡಲು ಸ್ವಲ್ಪ ಎದ್ದಿತ್ತು, ಅರ್ಧ ಹಡಗು ವಾಂತಿ. ಮಾತ್ರೆ ಮುಂಚೆಯೇ ತೆಗೆದುಕೊಂಡು ಹಡಗಿನ ನಡುಭಾಗದ ಸೀಟು ಹಿಡಿದರೆ ಕುಲುಕಾಟ ಕಡಿಮೆ. ಇನ್ನೊಂದು ವಿಷಯ, ಹಡಗಿಗೂ ವಿಮಾನಕ್ಕೂ ಒಂದೇ ದಿನ ಇಟ್ಟುಕೊಳ್ಳಬೇಡಿ. ಹವೆ ಕೆಟ್ಟರೆ ಹಡಗು ರದ್ದಾಗುತ್ತದೆ. ಹಾಗೇ ಸ್ವಲ್ಪ ನಗದು ಇಟ್ಟುಕೊಂಡಿರಿ, ಚಿಕ್ಕ ದ್ವೀಪಗಳಲ್ಲಿ ಎಟಿಎಂ ಕಡಿಮೆ.

ಶನಿವಾರ ವಿಮಾನ ನಿಲ್ದಾಣದಲ್ಲಿ ಚೀಲದ ತಪಾಸಣೆ. ಹವಳ, ಚಿಪ್ಪು ಹೆಕ್ಕಿ ತರುವುದು ಇಲ್ಲಿ ಅಪರಾಧ. ಹವಳಕ್ಕೆ ವನ್ಯಜೀವಿ ಕಾಯ್ದೆಯಡಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ. ನಮ್ಮ ಮುಂದಿದ್ದ ಹುಡುಗಿಯ ಚೀಲದಿಂದ ಒಂದು ಹಿಡಿ ಹವಳದ ಚೂರು ತೆಗೆಸಿದರು.

ವಿಮಾನದಲ್ಲಿ ಇವರು ಪೆನ್ನು ಕೇಳಿದರು. ಪೇಪರ್ ನ್ಯಾಪ್ಕಿನ್ ಮೇಲೆ ಏನೋ ಬರೆಯತೊಡಗಿದರು. ಇಣುಕಿದೆ. ಮುಂದಿನ ಸಲ ಉತ್ತರದ ದಿಗ್ಲಿಪುರ. ಕಾಲಿಪುರ ತೀರದಲ್ಲಿ ಕಡಲಾಮೆ ಮೊಟ್ಟೆ ಇಡುವುದು, ರಾಸ್ ಮತ್ತು ಸ್ಮಿತ್ ದ್ವೀಪಗಳ ನಡುವಿನ ಮರಳ ದಾರಿ, 730 ಮೀಟರ್‌ಗಿಂತ ಎತ್ತರದ ಸ್ಯಾಡಲ್ ಪೀಕ್ ಚಾರಣ. ಪಕ್ಕದಲ್ಲಿ ಗಂಟೆಗಳೂ ಇದ್ದವು. ಚಾರಣ ಹೊಡೆದು ಹಾಕಿ ಅಂದೆ. ಆಮೆ ಇರಲಿ, ಚಾರಣದ ಬಗ್ಗೆ ಮನೆಗೆ ಹೋಗಿ ಮಾತಾಡೋಣ ಅಂದರು.